ಗ್ರೂಪ್ ಪ್ರಾಜೆಕ್ಟ್ ಮುಗಿಯಿತು, ಎಡಿಟಿಂಗ್ ಹುಚ್ಚು ಬಿಡಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ವಿಡಿಯೊ ಎಡಿಟಿಂಗ್ ಬಗ್ಗೆ ಕೇಳಿದವರೇ ಜಾಸ್ತಿ. ಒಂದು ಪತ್ರ ಉದ್ದವಾಗಿತ್ತು, ಆದರೆ ಚೆನ್ನಾಗಿತ್ತು. ಅದನ್ನು ಹೆಚ್ಚು ಕತ್ತರಿಸದೆ ಹಾಕಿದ್ದೇನೆ. ಉಳಿದವಕ್ಕೆ ಜಾಗ ಇದ್ದಷ್ಟು ಉತ್ತರ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಕಾಮರ್ಸ್ ವಿದ್ಯಾರ್ಥಿನಿ, ಎರಡನೇ ವರ್ಷ. ನಮ್ಮ ಕ್ಲಾಸಿನಲ್ಲಿ ಒಂದು ಗ್ರೂಪ್ ಪ್ರಾಜೆಕ್ಟ್ ಕೊಟ್ಟಿದ್ದರು. ಐದು ಜನ ಸೇರಿ ರಾತ್ರಿ ಪಾಳಿಯಲ್ಲಿ ದುಡಿಯುವವರ ಬಗ್ಗೆ ಆರು ನಿಮಿಷದ ವಿಡಿಯೊ ಮಾಡಬೇಕಿತ್ತು. ಒಬ್ಬಳು ಪ್ರಶ್ನೆಗಳನ್ನು ಬರೆದಳು, ಇಬ್ಬರು ಫೋನಿನಲ್ಲಿ ಶೂಟ್ ಮಾಡಿದರು, ಇನ್ನೊಬ್ಬ ಓಡಾಡಿ ಅನುಮತಿ ತಂದ. ಎಡಿಟಿಂಗ್ ಯಾರಿಗೂ ಬೇಡವಾಗಿತ್ತು. ‘ಲ್ಯಾಪ್‌ಟಾಪ್ ಇರೋದು ನಿನ್ನ ಹತ್ರ ತಾನೇ’ ಅಂತ ನನ್ನ ತಲೆಗೆ ಕಟ್ಟಿದರು. ಬೈದುಕೊಂಡೇ ಕೂತೆ. ಮೂರು ಗಂಟೆ ಫುಟೇಜ್ ಇತ್ತು, ಅರ್ಧದಷ್ಟು ಅಲ್ಲಾಡಿದ್ದು, ಕೆಲವು ಕಡೆ ಬರೀ ಗಾಳಿ ಸದ್ದು.

ಅದರಲ್ಲಿ ಒಬ್ಬ ಸೆಕ್ಯೂರಿಟಿ ಗಾರ್ಡ್ ಇದ್ದರು. ‘ಬೆಳಿಗ್ಗೆ ಮಕ್ಕಳು ಸ್ಕೂಲಿಗೆ ಹೊರಡುವಾಗ ನೀವು ಮನೆಯಲ್ಲಿ ಇರುತ್ತೀರಾ’ ಎಂದು ಕೇಳಿದ್ದಕ್ಕೆ ತುಂಬಾ ಹೊತ್ತು ಸುಮ್ಮನಿದ್ದು, ಆಮೇಲೆ ‘ಇರ್ತೀನಿ, ಆದ್ರೆ ನಿದ್ದೇಲಿರ್ತೀನಿ’ ಅಂದರು. ಟೈಮ್ ಉಳಿಯಲಿ ಅಂತ ಆ ಸುಮ್ಮನಿದ್ದ ಭಾಗವನ್ನು ಮೊದಲು ತೆಗೆದಿದ್ದೆ. ನೋಡಿದರೆ ಅವರ ಮಾತು ಏನೋ ಜೋಕ್ ಥರ ಕೇಳಿಸುತ್ತಿತ್ತು. ಮತ್ತೆ ಹಾಕಿದೆ. ಕ್ಲಾಸಿನಲ್ಲಿ ತೋರಿಸಿದಾಗ ಸರಿಯಾಗಿ ಆ ಜಾಗಕ್ಕೆ ಹಿಂದಿನ ಬೆಂಚಿನ ಗಲಾಟೆ ಕೂಡ ನಿಂತಿತು.

ಅವತ್ತಿನಿಂದ ನನಗೆ ಇದೇ ಗುಂಗು. ಸಿನಿಮಾ ನೋಡಿದರೆ ಕಥೆ ಬಿಟ್ಟು ಕಟ್ ಎಲ್ಲಿ ಬಂತು ಅಂತ ನೋಡುತ್ತಿರುತ್ತೇನೆ. ಇದು ನಿಜವಾದ ಆಸಕ್ತಿಯೋ ಅಥವಾ ಒಂದು ಸಲ ಚಪ್ಪಾಳೆ ಸಿಕ್ಕಿದ್ದಕ್ಕೆ ಬಂದ ಹುಚ್ಚೋ? ಕಾಮರ್ಸ್ ಬಿಟ್ಟು ಕೋರ್ಸ್ ಸೇರಲಾ? ಟೈಮ್‌ಲೈನ್ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಓಡಿಸಿದರೆ ಲ್ಯಾಪ್‌ಟಾಪ್ ತಡವರಿಸುತ್ತದೆ, ಹೊಸದು ತಗೊಳ್ಳಲೇಬೇಕಾ?
— ಹೆಸರು ಹಾಕಬೇಡಿ, ಗ್ರೂಪಿನವರು ಓದುತ್ತಾರೆ

ಉತ್ತರ: ಹಾಕಿಲ್ಲ. ಆದರೆ ಗಾರ್ಡ್ ಕಥೆ ಓದಿದ ಕೂಡಲೇ ನಿಮ್ಮ ಗ್ರೂಪಿನವರಿಗೆ ಗೊತ್ತಾಗುತ್ತದೆ ಬಿಡಿ.

ನಿಮ್ಮ ಪತ್ರದಲ್ಲಿ ಫಿಲ್ಟರ್ ಬಗ್ಗೆ, ಟ್ರಾನ್ಸಿಷನ್ ಬಗ್ಗೆ, ಅಕ್ಷರಗಳು ಹಾರಿ ಬಂದು ಕೂರುವುದರ ಬಗ್ಗೆ ಒಂದು ಮಾತೂ ಇಲ್ಲ. ಇರುವುದೆಲ್ಲ ಒಬ್ಬ ಮನುಷ್ಯ ಮಾತಾಡದೆ ಕೂತ ಕೆಲವು ಸೆಕೆಂಡುಗಳ ಬಗ್ಗೆ. ಎಡಿಟಿಂಗ್ ಇಷ್ಟ ಎನ್ನುವವರಲ್ಲಿ ತುಂಬಾ ಜನಕ್ಕೆ ಇಷ್ಟವಾಗಿರುವುದು ಸಾಫ್ಟ್‌ವೇರ್. ಅದೇನೂ ಕೆಟ್ಟದ್ದಲ್ಲ, ಅದಕ್ಕೂ ಕೆಲಸ ಇದೆ. ನಿಮಗೆ ಹಿಡಿದಿರುವುದು ಬೇರೆ. ಯಾವುದು ಇರಬೇಕು, ಯಾವುದು ಹೋಗಬೇಕು, ಎಷ್ಟು ಹೊತ್ತು ಇರಬೇಕು ಎಂದು ತೀರ್ಮಾನ ಮಾಡುವ ರುಚಿ. ಎಡಿಟರ್ ಮಾಡುವ ಕೆಲಸದ ತಿರುಳೇ ಅದು.

ಸೋವಿಯತ್ ನಿರ್ದೇಶಕ ಲೆವ್ ಕುಲೆಶೊವ್ ಸುಮಾರು 1920ರ ಹೊತ್ತಿಗೆ ಮಾಡಿದ ಪ್ರಯೋಗ ಒಂದಿದೆ. ಒಬ್ಬ ನಟನ ಭಾವನೆ ತೋರಿಸದ ಮುಖದ ಒಂದೇ ಶಾಟ್. ಅದರ ಜೊತೆಗೆ ಒಮ್ಮೆ ಸೂಪ್ ತುಂಬಿದ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿರುವ ಮಗು, ಒಮ್ಮೆ ಒಬ್ಬಳು ಹೆಂಗಸು. ಮುಖ ಒಂದೇ, ಆದರೆ ನೋಡಿದವರು ಅದರಲ್ಲಿ ಒಮ್ಮೆ ಹಸಿವು ಕಂಡರು, ಒಮ್ಮೆ ದುಃಖ, ಒಮ್ಮೆ ಆಸೆ. ಅರ್ಥ ಶಾಟ್‌ನ ಒಳಗೆ ಮಾತ್ರ ಇಲ್ಲ, ಅದರ ಪಕ್ಕ ಏನಿದೆ ಎನ್ನುವುದರಲ್ಲೂ ಇದೆ. ನಿಮ್ಮ ಗಾರ್ಡ್ ಆಡಿದ ಮಾತು ಎರಡೂ ಸಲ ಅದೇ. ಮುಂದೆ ಮೌನ ಇಲ್ಲದಾಗ ಅದು ಜೋಕ್, ಇದ್ದಾಗ ಇಡೀ ಕ್ಲಾಸ್ ಗಪ್‌ಚಿಪ್. ಪಾಠ ಓದದೆಯೇ ಅದು ನಿಮ್ಮ ಕೈಗೆ ಸಿಕ್ಕಿದೆ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆ ಮೌನ ನಿಜವಾಗಿ ಆ ಪ್ರಶ್ನೆಯ ನಂತರವೇ ಬಂದಿತ್ತು, ಹಾಗಾಗಿ ತೊಂದರೆ ಇಲ್ಲ. ಆದರೆ ಅವರು ಬೇರೆಲ್ಲೋ ಸುಮ್ಮನೆ ಕೂತಿದ್ದ ಶಾಟ್ ತಂದು ಇಲ್ಲಿ ಅಂಟಿಸಿದ್ದರೂ ಕ್ಲಾಸಿನವರಿಗೆ ಗೊತ್ತಾಗುತ್ತಿರಲಿಲ್ಲ, ಅಲ್ವಾ? ನಿಜವಾದ ಜನರ ಮಾತನ್ನು ಕತ್ತರಿಸುವಾಗ ಇದೇ ಅಪಾಯ. ಉದ್ದ ಉತ್ತರವನ್ನು ಚಿಕ್ಕದು ಮಾಡುವುದು ಎಲ್ಲರೂ ಮಾಡುವ ಕೆಲಸ, ಮಾಡದೆ ವಿಧಿಯಿಲ್ಲ. ‘ಇಲ್ಲ’ ಎಂದಿದ್ದನ್ನು ‘ಹೂಂ’ ಅನ್ನಿಸುವುದು, ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಜೋಡಿಸುವುದು ಮೋಸ. ನನ್ನ ಅಳತೆ ಇಷ್ಟೇ: ಆ ವ್ಯಕ್ತಿ ಪಕ್ಕದಲ್ಲಿ ಕೂತು ನೋಡಿದರೆ ‘ನಾನು ಹೇಳಿದ್ದು ಇದನ್ನೇ’ ಅನ್ನಬೇಕು. ಸಾಧ್ಯವಾದರೆ ಆ ಗಾರ್ಡ್‌ಗೆ ವಿಡಿಯೊ ತೋರಿಸಿ. ಇನ್ನೂ ತೋರಿಸಿಲ್ಲ ಅನ್ನುವುದು ನನ್ನ ಊಹೆ.

ಈಗ ಹುಚ್ಚೋ ಆಸಕ್ತಿಯೋ ಎಂಬ ಪ್ರಶ್ನೆ. ಚಪ್ಪಾಳೆ ಸಿಕ್ಕ ವಿಡಿಯೊ ಇಟ್ಟುಕೊಂಡು ಇದನ್ನು ಅಳೆಯುವುದಕ್ಕೆ ಆಗುವುದಿಲ್ಲ. ನಿಮಗೆ ಸಂಬಂಧವೇ ಇಲ್ಲದ, ಸ್ವಲ್ಪ ಬೋರ್ ಆಗುವ ಫುಟೇಜ್ ಕೈಗೆ ತೆಗೆದುಕೊಳ್ಳಿ. ಯಾರದ್ದಾದರೂ ಒಂದು ಗಂಟೆಯ ಭಾಷಣ, ಯಾವುದೋ ಕಾರ್ಯಕ್ರಮದ ರೆಕಾರ್ಡಿಂಗ್, ಯಾವುದಾದರೂ ಸರಿ. ಅದನ್ನು ಪೂರ್ತಿ ನೋಡಿ ಮೂರು ನಿಮಿಷಕ್ಕೆ ಇಳಿಸಿ. ಇಳಿಸಿದ್ದನ್ನು ಆ ವ್ಯಕ್ತಿಗೇ ಕೊಡಿ. ಅವರು ‘ಇದು ಯಾಕೆ ಹೋಯಿತು, ಅದು ಯಾಕೆ ಬಂತು, ಮೊದಲಿನದ್ದೇ ಚೆನ್ನಾಗಿತ್ತು’ ಅಂತ ತಿದ್ದುಪಡಿ ಹೇಳುತ್ತಾರೆ, ಕೆಲವು ಒಂದಕ್ಕೊಂದು ವಿರುದ್ಧ ಇರುತ್ತವೆ. ಅದನ್ನೆಲ್ಲ ಕೇಳಿ ಬೇಜಾರಾಗಿಯೂ ಮರುದಿನ ಮತ್ತೆ ಟೈಮ್‌ಲೈನ್ ತೆರೆಯುವ ಮನಸ್ಸಾದರೆ ಇದು ಆಸಕ್ತಿ. ಆಗಲಿಲ್ಲ ಅಂದರೂ ನಷ್ಟ ಏನಿಲ್ಲ, ಮುಂದಿನ ಗ್ರೂಪ್ ಪ್ರಾಜೆಕ್ಟಿನಲ್ಲಿ ಕೆಲಸಕ್ಕೆ ಬರುತ್ತದೆ.

ಈ ಕೆಲಸದಲ್ಲಿ ಕತ್ತರಿಸುವುದಕ್ಕಿಂತ ನೋಡುವುದೇ ಹೆಚ್ಚು. 1979ರಲ್ಲಿ ಬಂದ ‘ಅಪೋಕ್ಯಾಲಿಪ್ಸ್ ನೌ’ ಚಿತ್ರದ ಎಡಿಟರ್‌ಗಳಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಕೊಡುವ ಲೆಕ್ಕ ನೋಡಿ: ಶೂಟ್ ಆಗಿದ್ದು 230 ಗಂಟೆಗೂ ಹೆಚ್ಚು, ಚಿತ್ರದಲ್ಲಿ ಉಳಿದಿದ್ದು ಎರಡೂವರೆ ಗಂಟೆಗಿಂತ ಸ್ವಲ್ಪ ಕಡಿಮೆ. ಅಂದರೆ ಪರದೆಗೆ ಬಂದ ಒಂದೊಂದು ನಿಮಿಷಕ್ಕೂ ಬರದೆ ಉಳಿದ ನಿಮಿಷಗಳು ಸುಮಾರು 95. ನಿಮ್ಮದು ಮೂರು ಗಂಟೆಗೆ ಆರು ನಿಮಿಷ, ಮೂವತ್ತಕ್ಕೆ ಒಂದು. ಕಡಿಮೆ ಏನಲ್ಲ.

ಅದೇ ಮರ್ಚ್, ಕಟ್ ಎಲ್ಲಿ ಹಾಕಬೇಕು ಎನ್ನುವುದಕ್ಕೆ ಆರು ಅಂಶಗಳನ್ನು ಹೇಳಿ ಒಂದೊಂದಕ್ಕೂ ತೂಕ ಕೊಟ್ಟಿದ್ದಾರೆ. ಭಾವನೆಗೆ ಶೇ 51, ಕಥೆಗೆ ಶೇ 23, ಲಯಕ್ಕೆ ಶೇ 10, ನೋಡುಗರ ಕಣ್ಣು ಆ ಕ್ಷಣ ಪರದೆಯ ಯಾವ ಮೂಲೆಯಲ್ಲಿದೆ ಎನ್ನುವುದಕ್ಕೆ ಶೇ 7. ಒಂದು ಶಾಟ್‌ನಲ್ಲಿ ಬಲಕ್ಕಿದ್ದವರು ಮುಂದಿನದರಲ್ಲಿ ಎಡಕ್ಕೆ ಬಂದರೇ, ಕೋಣೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಎಂಬುದಕ್ಕೆಲ್ಲ ಕೊನೆಯ ಒಂಬತ್ತು. ಹೊಸಬರು ಈ ಪಟ್ಟಿಯನ್ನು ತಲೆಕೆಳಗೆ ಹಿಡಿಯುತ್ತಾರೆ. ಕಪ್ ಎಡಗೈಲಿತ್ತು, ಬಲಗೈಗೆ ಹೇಗೆ ಬಂತು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನೋಡುವವರು ಅಳುತ್ತಿದ್ದರೆ ಕಪ್ ಯಾರಿಗೂ ಕಾಣುವುದಿಲ್ಲ.

ಮುಂದೆ ಏನು ಕಲಿಯಲಿ ಅಂತ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಸೌಂಡ್ ಕಲಿಯಿರಿ. ಚಿತ್ರ ಸ್ವಲ್ಪ ಅಲ್ಲಾಡಿದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೊದಲು ಮಾಡಬೇಕಾದ್ದು ಒಂದೇ. ಚಿತ್ರವನ್ನೂ ಸದ್ದನ್ನೂ ಒಂದೇ ಜಾಗದಲ್ಲಿ ಕತ್ತರಿಸುವ ಅಭ್ಯಾಸ ಬಿಡಿ. ಗಾರ್ಡ್ ಮುಖ ಬರುವ ಮೊದಲೇ, ಖಾಲಿ ರಸ್ತೆಯ ಶಾಟ್ ಮೇಲೆಯೇ ಅವರ ದನಿ ಶುರುವಾಗಲಿ. ಇದಕ್ಕೆ ಜೆ-ಕಟ್ ಅನ್ನುತ್ತಾರೆ. ಅವರ ಮಾತು ನಡೆಯುತ್ತಿರುವಾಗಲೇ ಚಿತ್ರ ಮಾತ್ರ ಬದಲಾಗಿ ಅವರ ಕೈ, ಟಾರ್ಚು, ಕುರ್ಚಿ ಕಂಡರೆ ಅದು ಎಲ್-ಕಟ್. ಟೈಮ್‌ಲೈನಿನಲ್ಲಿ ಆ ತುಂಡುಗಳು ಇಂಗ್ಲಿಷಿನ ಆ ಅಕ್ಷರಗಳ ಆಕಾರದಲ್ಲಿ ಕಾಣುತ್ತವೆ, ಹೆಸರು ಬಂದಿದ್ದು ಹಾಗೆ. ಈ ಎರಡನ್ನೇ ರೂಢಿ ಮಾಡಿಕೊಂಡರೂ ನಿಮ್ಮ ವಿಡಿಯೊ ‘ಕಾಲೇಜು ಪ್ರಾಜೆಕ್ಟ್’ ಥರ ಕಾಣುವುದು ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ. ಶೂಟ್ ಮಾಡುವವರಿಗೆ ಹೇಳಿ, ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಅರ್ಧ ನಿಮಿಷ ಸುಮ್ನೆ ರೆಕಾರ್ಡ್ ಮಾಡಿಕೊಂಡು ಬರಲಿ. ಯಾವ ಕೋಣೆಯೂ ನಿಶ್ಶಬ್ದ ಇರುವುದಿಲ್ಲ. ಫ್ಯಾನು, ದೂರದ ಗಾಡಿ, ಟ್ಯೂಬ್‌ಲೈಟಿನ ಗುಂಯ್ ಅನ್ನುವ ಸದ್ದು, ಏನೋ ಒಂದು ಇದ್ದೇ ಇರುತ್ತದೆ. ಮಾತಿನ ನಡುವೆ ಒಂದು ಕೆಮ್ಮು ತೆಗೆದರೆ ಅಲ್ಲಿ ಸದ್ದಿನಲ್ಲೇ ತೂತು ಬೀಳುತ್ತದೆ. ಆ ತೂತು ಮುಚ್ಚಲು ಈ ಖಾಲಿ ಸದ್ದು ಬೇಕು. ರೂಮ್ ಟೋನ್ ಅಂತ ಕರೆಯುತ್ತಾರೆ. ರೆಕಾರ್ಡ್ ಮಾಡುವಾಗ ಎಲ್ಲರೂ ನಗುತ್ತಾರೆ, ಎಡಿಟ್‌ಗೆ ಕೂತಾಗ ನೀವೊಬ್ಬರೇ ನಗುತ್ತೀರಿ.

ಲ್ಯಾಪ್‌ಟಾಪ್ ವಿಷಯ. ಈಗಲೇ ಕೊಳ್ಳಬೇಡಿ. ಅದು ತಡವರಿಸಲು ಕಾರಣ ಹೆಚ್ಚಾಗಿ ಫೋನಿನ ಫೈಲು. ಫೋನುಗಳು ಎಚ್.264 ಅಥವಾ ಎಚ್.265 ಎಂಬ ಬಗೆಯಲ್ಲಿ ವಿಡಿಯೊ ಉಳಿಸುತ್ತವೆ. ವಿಡಿಯೊ ಅಂದರೆ ಒಂದರ ಹಿಂದೆ ಒಂದು ಬರುವ ಬಿಡಿ ಚಿತ್ರಗಳು, ಒಂದೊಂದಕ್ಕೂ ಫ್ರೇಮ್ ಅನ್ನುತ್ತಾರೆ. ಈ ಬಗೆಯಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಇರುವುದಿಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ, ನಡುವೆ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ನೋಡುವುದಕ್ಕೆ ಇದು ಸೊಗಸು, ಫೈಲ್ ಚಿಕ್ಕದಾಗುತ್ತದೆ. ಎಡಿಟ್ ಮಾಡುವಾಗ ನೀವು ನಡುವಿನ ಯಾವುದೋ ಫ್ರೇಮಿನ ಮೇಲೆ ಕ್ಲಿಕ್ ಮಾಡಿದರೆ ಪಾಪ ಯಂತ್ರ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ನೀವು ಹಿಂದೆ ಮುಂದೆ ಎಳೆದಾಡಿದಷ್ಟೂ ಅದಕ್ಕೆ ಏದುಸಿರು. ಇದಕ್ಕೆ ಮದ್ದು ಪ್ರಾಕ್ಸಿ. ಅಂದರೆ ಪ್ರತಿ ಕ್ಲಿಪ್‌ಗೂ ಒಂದು ಹಗುರ ನಕಲು ಮಾಡಿಕೊಂಡು ಅದರ ಮೇಲೆ ಎಡಿಟ್ ಮಾಡುವುದು. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಮೂಲ ಕ್ಲಿಪ್‌ಗಳನ್ನೇ ತೆಗೆದುಕೊಳ್ಳುತ್ತದೆ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್, ಶಾಟ್‌ಕಟ್ ಈ ಮೂರರಲ್ಲೂ ಈ ಸೌಲಭ್ಯ ಇದೆ. ಕೊನೆಯ ಎರಡು ಪೂರ್ತಿ ಉಚಿತ, ಹಳೆಯ ಯಂತ್ರದಲ್ಲೂ ಹೇಗೋ ನಡೆಯುತ್ತವೆ. ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಕಲಿಯುವವರಿಗೆ ಬೇಕಾದ್ದೆಲ್ಲ ಇದೆ, ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಒಂದನ್ನು ಆರಿಸಿ, ಒಂದು ವರ್ಷ ಬದಲಾಯಿಸಬೇಡಿ. ಯಾವುದು ಉತ್ತಮ ಎಂಬ ಜಗಳದ ವಿಡಿಯೊಗಳನ್ನು ನೋಡುವ ಹೊತ್ತಿನಲ್ಲಿ ಒಂದು ಕೆಲಸ ಮುಗಿಸಬಹುದು.

ಉದ್ದ ಸಂದರ್ಶನದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗುತ್ತಾ ಬಂದರೆ ಅದಕ್ಕೂ ಫೋನೇ ಕಾರಣ ಇರಬಹುದು. ಬೆಳಕು ಕಡಿಮೆಯಾದಾಗ, ಯಂತ್ರ ಬಿಸಿಯಾದಾಗ ಫೋನು ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ನಿಯಮವನ್ನು ತಾನೇ ಸಡಿಲ ಮಾಡಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಸ್ಥಿರ ಮಾಡಿಕೊಂಡು ಆಮೇಲೆ ಎಡಿಟ್ ಶುರು ಮಾಡಿ. ನಿಮ್ಮದು ರಾತ್ರಿಯ ಶೂಟಿಂಗ್ ಬೇರೆ.

ಕಾಮರ್ಸ್ ಬಿಡುವುದು ಬೇಡ. ಇದು ದೊಡ್ಡವರ ಉಪದೇಶ ಅಂದುಕೊಳ್ಳಬೇಡಿ, ನನ್ನ ಕಾರಣ ಬೇರೆ. ಎಡಿಟರ್‌ಗಳಲ್ಲಿ ತುಂಬಾ ಜನ ತಮ್ಮದೇ ಲೆಕ್ಕದಲ್ಲಿ ದುಡಿಯುವವರು. ಒಂದು ಕೆಲಸಕ್ಕೆ ಎಷ್ಟು ಕೇಳಬೇಕು, ಎಷ್ಟು ಸಲ ತಿದ್ದಿಕೊಡುತ್ತೇನೆ ಎಂದು ಮೊದಲೇ ಬರೆದುಕೊಳ್ಳಬೇಕು, ಮುಂಗಡ ಎಷ್ಟು, ಬಿಲ್ ಯಾವಾಗ, ತೆರಿಗೆ ಹೇಗೆ, ಇದರಲ್ಲೇ ಒಳ್ಳೆಯ ಎಡಿಟರ್‌ಗಳು ಸೋಲುವುದು. ನಿಮಗೆ ಅದು ಕ್ಲಾಸಿನಲ್ಲೇ ಸಿಗುತ್ತಿದೆ. ಜೊತೆಗೆ ಈ ಕೆಲಸಕ್ಕೆ ಕರೆಯುವವರು ಸರ್ಟಿಫಿಕೇಟ್ ಕೇಳುವುದು ಕಡಿಮೆ, ‘ಏನು ಮಾಡಿದ್ದೀರಿ, ತೋರಿಸಿ’ ಅನ್ನುವುದು ಜಾಸ್ತಿ. ಮುಗಿಸಿದ ನಾಲ್ಕೈದು ಚಿಕ್ಕ ವಿಡಿಯೊ ಇಟ್ಟುಕೊಂಡಿರಿ, ಒಂದೊಂದೂ ಬೇರೆ ಬಗೆಯದ್ದಾಗಿರಲಿ. ಡಿಗ್ರಿ ಮುಗಿಯುವ ಹೊತ್ತಿಗೂ ಇದೇ ಗುಂಗಿದ್ದರೆ ಆಗ ಕೋರ್ಸ್ ನೋಡಿ, ಅಥವಾ ಯಾರಾದರೂ ಎಡಿಟರ್ ಹತ್ತಿರ ಅಸಿಸ್ಟೆಂಟ್ ಆಗಿ ಸೇರಿ. ಅಸಿಸ್ಟೆಂಟ್ ಅಂದರೆ ಮೊದಲು ಕಟ್ ಮಾಡುವ ಕೆಲಸ ಅಲ್ಲ, ತಿಳಿದಿರಲಿ. ಫೈಲ್ ಜೋಡಿಸುವುದು, ಸೌಂಡ್ ಸಿಂಕ್ ಮಾಡುವುದು, ಹೆಸರು ಬರೆಯುವುದು, ಬ್ಯಾಕಪ್ ತೆಗೆಯುವುದು. ಆದರೆ ಪಕ್ಕದಲ್ಲಿ ಕೂತು ಯಾವ ಟೇಕ್ ಯಾಕೆ ಬಿದ್ದುಹೋಯಿತು ಅಂತ ದಿನಾ ನೋಡಬಹುದು.

ಸಿನಿಮಾ ನೋಡುವಾಗ ಕಥೆ ಬಿಟ್ಟುಹೋಗುತ್ತದೆ ಎಂದು ಬರೆದಿದ್ದೀರಿ. ಮೊದಲ ಸಲ ಕಥೆಯನ್ನೇ ನೋಡಿ, ಸುಖ ಕಳೆದುಕೊಳ್ಳಬೇಡಿ. ಇಷ್ಟವಾದ ಒಂದು ದೃಶ್ಯಕ್ಕೆ ಆಮೇಲೆ ಹಿಂದಿರುಗಿ ಸೌಂಡ್ ಆಫ್ ಮಾಡಿ ನೋಡಿ. ನಂತರ ಕಣ್ಣು ಮುಚ್ಚಿ ಬರೀ ಕೇಳಿ. ಯಾರು ಮಾತಾಡುತ್ತಿದ್ದಾರೆ ಎನ್ನುವುದಕ್ಕಿಂತ ಆ ಹೊತ್ತಿನಲ್ಲಿ ಯಾರ ಮುಖ ತೋರಿಸಿದ್ದಾರೆ ಎನ್ನುವುದನ್ನು ಗಮನಿಸಿ. ಕೇಳಿಸಿಕೊಳ್ಳುವವರ ಮುಖವೇ ಎಷ್ಟು ಸಲ ಬರುತ್ತದೆ ಅಂತ ಆಶ್ಚರ್ಯ ಆಗುತ್ತದೆ.

ಕೊನೆಗೊಂದು ಮಾತು, ನೀವು ಹುಡುಗಿ ಎಂದು ಬರೆದಿದ್ದಕ್ಕೆ. ಇದು ಗಂಡಸರ ಕೆಲಸ, ಯಂತ್ರದ ಕೆಲಸ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ಮೂಕಿಚಿತ್ರಗಳ ಕಾಲದಲ್ಲಿ ಫಿಲ್ಮ್ ಕತ್ತರಿಸಿ ಅಂಟಿಸುವವರಲ್ಲಿ ಹೆಂಗಸರು ಬಹಳ ಇದ್ದರು. 1929ರ ಸೋವಿಯತ್ ಚಿತ್ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ದ ಎಡಿಟರ್ ಎಲಿಜವೆಟಾ ಸ್ವಿಲೋವಾ, ಆಕೆ ಕೂತು ಫಿಲ್ಮ್ ಕತ್ತರಿಸುವುದು ಆ ಚಿತ್ರದಲ್ಲೇ ಕಾಣುತ್ತದೆ. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಎಡಿಟ್ ಮಾಡಿ ಆಸ್ಕರ್ ಪಡೆದವರು ಆನ್ ಕೋಟ್ಸ್. ನಾಯಕ ಬೆಂಕಿಕಡ್ಡಿ ಆರಿಸುತ್ತಿದ್ದಂತೆ ಮರುಭೂಮಿಯ ಸೂರ್ಯೋದಯಕ್ಕೆ ಹಾರುವ ಆ ಕಟ್ ಅನ್ನು ಇಂದಿಗೂ ಕ್ಲಾಸುಗಳಲ್ಲಿ ತೋರಿಸುತ್ತಾರೆ. ಥೆಲ್ಮಾ ಸ್ಕೂನ್‌ಮೇಕರ್ ಅವರಿಗೆ ಎಡಿಟಿಂಗ್‌ಗೆ ಮೂರು ಆಸ್ಕರ್ ಬಂದಿದೆ.

ಪ್ರಶ್ನೆ: ನಮ್ಮ ಗ್ರೂಪಿನಲ್ಲಿ ಎಡಿಟ್ ಮಾಡುವ ಗೆಳೆಯ ನಾನು ಕಷ್ಟಪಟ್ಟು ತೆಗೆದ ಶಾಟ್‌ಗಳನ್ನೆಲ್ಲ ಕಿತ್ತುಹಾಕಿದ. ಟೆರೇಸ್ ಹತ್ತಿ, ಮಳೆಯಲ್ಲಿ ನೆನೆದು ತೆಗೆದ ಶಾಟ್ ಇತ್ತು. ‘ಬೇಕಾಗಿಲ್ಲ’ ಅಂತ ಒಂದೇ ಮಾತು. ಈಗ ನಾವು ಮಾತು ಬಿಟ್ಟಿದ್ದೇವೆ.
— ಕ್ಯಾಮೆರಾ ಹಿಡಿದವನು

ಉತ್ತರ: ಮಳೆಯಲ್ಲಿ ನೆನೆದಿದ್ದು ನಿಮಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ. ಅದಕ್ಕಾಗಿಯೇ ಶೂಟ್ ಮಾಡಿದವರು ಒಬ್ಬರು, ಕತ್ತರಿಸುವವರು ಇನ್ನೊಬ್ಬರು ಇದ್ದರೆ ಒಳ್ಳೆಯದು. ಶೂಟಿಂಗ್ ಜಾಗಕ್ಕೆ ಹೋಗದೇ ಇರುವ ಎಡಿಟರ್‌ಗಳೂ ಇದ್ದಾರೆ. ಒಂದು ಶಾಟ್‌ಗೆ ಎಷ್ಟು ಕಷ್ಟಪಟ್ಟರು ಎಂದು ತಿಳಿದರೆ ಅದನ್ನು ತೆಗೆಯಲು ಕೈ ಬರುವುದಿಲ್ಲ ಅಂತ. ನಿಮ್ಮ ಗೆಳೆಯನ ತೀರ್ಮಾನ ಸರಿ ಇರಬಹುದು. ಹೇಳಿದ ರೀತಿ ಸರಿಯಿಲ್ಲ, ಅದು ಬೇರೆ ವಿಷಯ. ಒಂದು ಶಾಟ್ ಹೋಗುತ್ತದೆ ಅಂದರೆ ಅದು ಇದ್ದಾಗ ಹೇಗೆ, ಇಲ್ಲದಾಗ ಹೇಗೆ ಅಂತ ಎರಡನ್ನೂ ತೋರಿಸಬೇಕು. ತೋರಿಸು ಅಂತ ಕೇಳಿ. ಪ್ರಾಜೆಕ್ಟ್ ಇನ್ನೂ ಕೊಟ್ಟಿಲ್ಲ ಅಂದರೆ ಇವತ್ತೇ ಕೇಳಿ, ಮಾತು ಬಿಟ್ಟವರು ಶುರು ಮಾಡಲು ಇದೂ ಒಂದು ನೆಪ. ಮತ್ತೆ, ಮುಂದಿನ ಸಲ ಪ್ರತಿ ಶಾಟ್ ಶುರುವಾಗುವ ಮೊದಲೂ ಮುಗಿದ ಮೇಲೂ ಐದು ಸೆಕೆಂಡು ಅಲ್ಲಾಡದೆ ಹಿಡಿಯಿರಿ. ಕತ್ತರಿಸುವವನಿಗೆ ಹಿಡಿಯಲು ಅಂಚೇ ಇಲ್ಲದೆ ಎಷ್ಟೋ ಒಳ್ಳೆಯ ಶಾಟ್‌ಗಳು ಹಾಗೇ ಬಿದ್ದುಹೋಗುತ್ತವೆ.

ಪ್ರಶ್ನೆ: ನಾನು ಅಧ್ಯಾಪಕ. ವಿಡಿಯೊ ಪ್ರಾಜೆಕ್ಟ್ ಕೊಟ್ಟರೆ ಎಲ್ಲ ಗುಂಪುಗಳಲ್ಲೂ ಒಬ್ಬರೇ ರಾತ್ರಿಯೆಲ್ಲ ಕೂತು ಎಡಿಟ್ ಮಾಡುತ್ತಾರೆ, ಅಂಕ ಮಾತ್ರ ಎಲ್ಲರಿಗೂ. ಇದನ್ನು ಹೇಗೆ ಸರಿ ಮಾಡುವುದು?

ಉತ್ತರ: ಸರ್, ಕೊನೆಯ ವಿಡಿಯೊ ಒಂದನ್ನೇ ಕೇಳಿದರೆ ಹೀಗೇ ಆಗುತ್ತದೆ. ನಡುವಿನ ಹಂತಗಳನ್ನೂ ಕೇಳಿ. ಶೂಟಿಂಗ್ ಮುಗಿದ ಮೇಲೆ ಕಂಪ್ಯೂಟರ್ ಮುಟ್ಟುವ ಮೊದಲು ಎಲ್ಲರೂ ಸೇರಿ ಫುಟೇಜ್ ನೋಡಿ, ಯಾವ ಮಾತು ಎಲ್ಲಿ ಬರಬೇಕು ಅಂತ ಕಾಗದದ ಮೇಲೆ ಬರೆದು ಕೊಡಲಿ. ಸಂದರ್ಶನ ಇರುವ ವಿಡಿಯೊಗಳಿಗೆ ಇದರಷ್ಟು ಉಪಯೋಗದ ಕೆಲಸ ಇನ್ನೊಂದಿಲ್ಲ. ಇದಕ್ಕೆ ಪೇಪರ್ ಎಡಿಟ್ ಅನ್ನುತ್ತಾರೆ. ಆಮೇಲೆ ಕೊನೆಯ ದಿನಕ್ಕೆ ಒಂದು ವಾರ ಮೊದಲು ರಫ್ ಕಟ್, ಅಂದರೆ ಮೊದಲ ಕಚ್ಚಾ ಜೋಡಣೆ, ತೋರಿಸಲಿ, ಬಣ್ಣ, ಹಾಡು, ಹೆಸರು ಏನೂ ಬೇಡ. ಒಂದು ಗುಂಪಿನ ರಫ್ ಕಟ್ ಅನ್ನು ಇನ್ನೊಂದು ಗುಂಪು ನೋಡಿ ಎಲ್ಲಿ ಬೋರ್ ಆಯಿತು, ಎಲ್ಲಿ ಅರ್ಥವಾಗಲಿಲ್ಲ ಎಂದು ಹೇಳಲಿ. ಸಾಧ್ಯವಾದರೆ ಒಂದೇ ಫುಟೇಜನ್ನು ಇಬ್ಬರ ಕೈಗೆ ಕೊಟ್ಟು ಬೇರೆ ಬೇರೆಯಾಗಿ ಕಟ್ ಮಾಡಿಸಿ. ಎರಡೂ ಒಂದೇ ಥರ ಬರುವುದೇ ಇಲ್ಲ. ಎಡಿಟಿಂಗ್ ಅಂದರೆ ಜೋಡಿಸುವುದಷ್ಟೇ ಅಂದುಕೊಂಡವರಿಗೆ ಆ ಒಂದು ತರಗತಿ ಸಾಕು.

ಪ್ರಶ್ನೆ: ಎಐ ಬಂದ ಮೇಲೆ ಎಡಿಟಿಂಗ್ ಕಲಿಯುವುದು ದಂಡ ಅಂತ ಅಣ್ಣ ಹೇಳುತ್ತಾನೆ. ನಿಜವಾ?

ಉತ್ತರ: ನಿಮ್ಮಣ್ಣ ಅರ್ಧ ಸರಿ. ಮಾತನ್ನು ಅಕ್ಷರಕ್ಕೆ ಇಳಿಸುವುದು, ಸಬ್‌ಟೈಟಲ್, ಗದ್ದಲ ತೆಗೆಯುವುದು, ಬಣ್ಣ ಹೊಂದಿಸುವುದು, ಇವೆಲ್ಲ ಈಗ ಬೇಗ ಆಗುತ್ತವೆ. ಬರೀ ಇಷ್ಟನ್ನೇ ಮಾಡಿಕೊಂಡಿದ್ದವರಿಗೆ ಕಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಮೌನವನ್ನು ತಾನಾಗಿಯೇ ಹುಡುಕಿ ಕತ್ತರಿಸುವ ಸೌಲಭ್ಯ ಒಂದಿದೆಯಲ್ಲ, ಅದನ್ನು ಮೇಲಿನ ಗಾರ್ಡ್ ಸಂದರ್ಶನದ ಮೇಲೆ ಓಡಿಸಿದ್ದರೆ ಮೊದಲು ಹೋಗುತ್ತಿದ್ದದ್ದೇ ಆ ಜಾಗ. ಸದ್ದು ಇಲ್ಲ ಅನ್ನುವುದು ಅದಕ್ಕೆ ತಿಳಿಯುತ್ತದೆ, ಯಾಕೆ ಇಲ್ಲ ಅನ್ನುವುದನ್ನು ನೀವೇ ನೋಡಬೇಕು. ಉಪಕರಣ ಬಳಸಿ, ತೀರ್ಮಾನ ನಿಮ್ಮದಿರಲಿ. ದಂಡ ಏನೂ ಅಲ್ಲ.

ಪ್ರಶ್ನೆ: ಪ್ರಾಜೆಕ್ಟ್ ವಿಡಿಯೊಗೆ ಸಿನಿಮಾ ಹಾಡು ಹಾಕಿ, ಕೊನೆಯಲ್ಲಿ ‘ಹಾಡಿನ ಹಕ್ಕು ಮೂಲ ಮಾಲೀಕರದ್ದು’ ಅಂತ ಬರೆದರೆ ಸಾಕಲ್ವಾ?

ಉತ್ತರ: ಸಾಲದು. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ಕ್ಲಾಸಿನೊಳಗೆ ತೋರಿಸಿ ಮುಗಿಸುವುದಾದರೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ, ಆನ್‌ಲೈನ್‌ಗೆ ಹಾಕಿದ ಕೂಡಲೇ ಯಂತ್ರವೇ ಹಾಡನ್ನು ಗುರುತಿಸಿ ವಿಡಿಯೊದ ಸದ್ದು ಅಡಗಿಸಬಹುದು ಅಥವಾ ವಿಡಿಯೊವನ್ನೇ ತಡೆಯಬಹುದು. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಯ, ಅಂದರೆ ಹಕ್ಕುದಾರರೇ ಬಳಸಲು ಬಿಟ್ಟಿರುವ ಸಂಗೀತವೂ ಸಿಗುತ್ತದೆ, ಆದರೆ ಅದರಲ್ಲಿ ಬಗೆಗಳಿವೆ. ಸಿಸಿ ಝೀರೊ ಇದ್ದರೆ ಹೆಸರೂ ಹಾಕಬೇಕಿಲ್ಲ, ಸಿಸಿ ಬೈ ಇದ್ದರೆ ಹೆಸರು ಹಾಕಲೇಬೇಕು, ಎನ್‌ಡಿ (ಬದಲಾಯಿಸಿ ಹಂಚುವಂತಿಲ್ಲ) ಅಂತ ಇದ್ದರೆ ವಿಡಿಯೊದೊಂದಿಗೆ ಸೇರಿಸುವಂತೆಯೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಹಾಡೇ ಇಲ್ಲದೆ ಎಡಿಟ್ ಮುಗಿಸಿ. ಹಾಡು ಹಾಕಿಕೊಂಡು ಕತ್ತರಿಸಿದರೆ ಕೆಟ್ಟ ಕಟ್ ಕೂಡ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಪ್ರಶ್ನೆ: ತುರ್ತು! ಪ್ರಾಜೆಕ್ಟ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಗೆಳತಿಯ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಕಡೆ ಕೆಂಪು ಪರದೆ, ‘ಮೀಡಿಯಾ ಆಫ್‌ಲೈನ್’ ಅಂತ ಬರುತ್ತಿದೆ. ಇಡೀ ಕೆಲಸ ಹೋಯಿತಾ?

ಉತ್ತರ: ಹೋಗಿಲ್ಲ, ಉಸಿರು ಬಿಡಿ. ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ. ಯಾವ ಕ್ಲಿಪ್, ಎಲ್ಲಿಂದ ಎಲ್ಲಿಯವರೆಗೆ, ಯಾವ ಜಾಗದಲ್ಲಿ ಅನ್ನುವ ಟಿಪ್ಪಣಿ ಮಾತ್ರ ಇರುತ್ತದೆ. ಕ್ಲಿಪ್‌ಗಳು ನಿಮ್ಮ ಕಂಪ್ಯೂಟರಿನಲ್ಲೇ ಕೂತಿವೆ. ಅವನ್ನೂ ಕಾಪಿ ಮಾಡಿಕೊಂಡು ಹೋಗಿ, ಫೈಲುಗಳ ಹೆಸರು ಮಾತ್ರ ಬದಲಾಯಿಸಬೇಡಿ. ಸಾಫ್ಟ್‌ವೇರಿನಲ್ಲಿ ರೀಲಿಂಕ್ ಎಂಬ ಆಯ್ಕೆ ಇರುತ್ತದೆ, ಅಲ್ಲಿ ಹೊಸ ಫೋಲ್ಡರ್ ತೋರಿಸಿದರೆ ಎಲ್ಲ ಕ್ಲಿಪ್‌ಗಳೂ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿಕೊಳ್ಳಬೇಡಿ, ಕುಗ್ಗಿ ಹೋಗುತ್ತದೆ, ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಇನ್ನು ಮುಂದೆ ಪ್ರಾಜೆಕ್ಟ್ ಶುರು ಮಾಡುವ ದಿನವೇ ಒಂದು ಫೋಲ್ಡರ್ ಮಾಡಿ ವಿಡಿಯೊ, ಸೌಂಡ್, ಫೋಟೊ, ಪ್ರಾಜೆಕ್ಟ್ ಫೈಲ್ ಎಲ್ಲವನ್ನೂ ಅದರೊಳಗೇ ಇಡಿ, ಸಾಗಿಸುವಾಗ ಇಡೀ ಫೋಲ್ಡರನ್ನೇ ಸಾಗಿಸಿ. ಒಟ್ಟು ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಆ ಮೂರನೆಯದನ್ನು ಗೆಳತಿಯ ಮನೆಯಲ್ಲೇ ಇಟ್ಟರೆ ಆಯಿತು.